ಪರದೇಶದ ಸಾಲಿಗೆ ಹೊರಡುವ ಮುನ್ನ



ವರ್ಷದ ಪರೀಕ್ಷೆ ಹತ್ತಿರ ಬಂತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಖಾಸಗಿ ಶಾಲೆಗಳ ಸ್ಟಾಫ್ ರೂಮಿನಲ್ಲಿ ಒಂದು ಮಾತು ಏಳುತ್ತದೆ. ‘ದುಬೈದಾಗ ಗಣಿತದ ಮಾಸ್ತರ್ರು ಬೇಕಂತ, ಮಸ್ಕತ್‌ದಾಗ ಸೈನ್ಸ್ ಅಕ್ಕೋರು ಬೇಕಂತ.’ ಬಿ.ಎಡ್. ಮುಗಿಸಿ, ನಾಲ್ಕಾರು ವರ್ಷ ಪಾಠ ಮಾಡಿ, ಸಂಬಳ ಮಾತ್ರ ಏರದೆ ಉಳಿದವರಿಗೆ ಇದು ಸಣ್ಣ ಮಾತಲ್ಲ. ಹೋಗಬೇಕೆ, ಬೇಡವೆ ಎಂದು ಯೋಚಿಸುತ್ತಿರುವವರಿಗಾಗಿ ಇವತ್ತಿನ ಈ ಭಾಷಣ. ಸಂಬಳದ ಅಂಕಿ ಕೇಳಿ ತೀರ್ಮಾನಿಸಬೇಡಿ, ಕರಾರುಪತ್ರವನ್ನು ಓದಿ ತೀರ್ಮಾನಿಸಿ ಎಂಬುದೇ ನನ್ನ ಮಾತಿನ ಸಾರ.

ಪಾಠ ಹೇಳಲು ಕಡಲು ದಾಟುವುದು ಹೊಸದೇನಲ್ಲ. ಹೈಲೆ ಸೆಲಾಸಿ ಚಕ್ರವರ್ತಿಯ ಕಾಲದಲ್ಲಿ ಇಥಿಯೋಪಿಯದ ಶಾಲೆಗಳಿಗೆ ನೂರಾರು ಭಾರತೀಯ ಶಿಕ್ಷಕರು ಹೋದರು. ಬಹರೈನಿನಲ್ಲಿ 1950ರಲ್ಲಿ, ದುಬೈಯಲ್ಲಿ 1961ರಲ್ಲಿ, ಮಸ್ಕತ್ತಿನಲ್ಲಿ 1975ರಲ್ಲಿ ಭಾರತೀಯ ಶಾಲೆಗಳು ಆರಂಭವಾದವು. ಕೊಲ್ಲಿ ದೇಶಗಳ ಇಂಥ ಬಹುಪಾಲು ಶಾಲೆಗಳಲ್ಲಿ ನಡೆಯುವುದು ಸಿಬಿಎಸ್‌ಇ ಪಠ್ಯಕ್ರಮ. ಪುಸ್ತಕ, ಪರೀಕ್ಷೆಯ ರೀತಿ ನಮಗೆ ಗೊತ್ತಿದ್ದದ್ದೇ. ಹಾಗಾಗಿ ಮೊದಲ ಹೆಜ್ಜೆ ಇಡಲು ಅವು ಅನುಕೂಲ. ಆದರೆ ಬ್ರಿಟಿಷ್ ಅಥವಾ ಐಬಿ ಶಾಲೆಗಳ ಸಂಬಳ ಅಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ.

ಐಬಿ, ಅಂದರೆ ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್, 1968ರಲ್ಲಿ ಜಿನೀವಾದಲ್ಲಿ ಸ್ಥಾಪನೆಯಾಯಿತು. ಅದರ ಡಿಪ್ಲೊಮಾದಲ್ಲಿ ಆರು ವಿಷಯ; ಒಂದೊಂದಕ್ಕೂ ಹೆಚ್ಚೆಂದರೆ 7 ಅಂಕ. ಅದರ ಮೇಲೆ ಜ್ಞಾನದ ಬಗೆಗಿನ ಒಂದು ಪಾಠಕ್ಕೂ ವಿದ್ಯಾರ್ಥಿ ತಾನೇ ಸಂಶೋಧಿಸಿ ಬರೆಯುವ ದೀರ್ಘ ಪ್ರಬಂಧಕ್ಕೂ ಕೂಡಿ 3 ಅಂಕ. ಒಟ್ಟು 45. ನೋಟ್ಸ್ ಬರೆಸಿ ಸಿಲೆಬಸ್ ಮುಗಿಸುವ ರೂಢಿ ಅಲ್ಲಿ ನಡೆಯದು. ಮಗು ಪ್ರಶ್ನೆ ಕೇಳುವಂತೆ, ಉತ್ತರವನ್ನು ತಾನೇ ಹುಡುಕುವಂತೆ ಪಾಠ ಕಟ್ಟಬೇಕು. ಆ ಅನುಭವ ಇದೆಯೇ ಎಂದು ಐಬಿ ಶಾಲೆಯವರು ಕೇಳಿಯೇ ಕೇಳುತ್ತಾರೆ. ಹೀಗಾಗಿ ಬೆಂಗಳೂರಿನಲ್ಲಿರುವ ಐಬಿ ಅಥವಾ ಕೇಂಬ್ರಿಜ್ ಪಠ್ಯಕ್ರಮದ ಶಾಲೆಯೊಂದರಲ್ಲಿ ಮೊದಲು ಎರಡು ಮೂರು ವರ್ಷ ದುಡಿಯುವುದು ಒಳ್ಳೆಯ ದಾರಿ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಅಳುಕುವುದುಂಟು. ಭಾಷೆಯನ್ನು ರೂಢಿಸಿಕೊಳ್ಳಲೇಬೇಕು, ನಿಜ. ಆದರೆ ಹಿಂದಿನ ಬೆಂಚಿನ ಹುಡುಗನಿಗೂ ಭಿನ್ನರಾಶಿ ತಿಳಿಯುವ ಹಾಗೆ ಹೇಳಬಲ್ಲ ಮಾಸ್ತರರ ಕೈಯಲ್ಲಿ ಎಲ್ಲ ದೇಶಗಳಲ್ಲೂ ಬೇಕಾದ ವಿದ್ಯೆ ಇದೆ. ಆಯ್ಕೆಗೆ ಮುನ್ನ ಮಾಡಿಸುವ ಡೆಮೊ ಪಾಠದಲ್ಲಿ ಶಾಲೆಯವರು ನೋಡುವುದು ಅದನ್ನೇ.

ಈಗ ಕರಾರಿಗೆ ಬರೋಣ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಕೊಳ್ಳುವವರು ಚೀಲದ ಬಾಯಲ್ಲಿ ಕಾಣುವ ಕೆಂಪನ್ನಷ್ಟೇ ನಂಬುವುದಿಲ್ಲ, ಒಳಗೆ ಕೈ ಹಾಕಿ ನೋಡುತ್ತಾರೆ. ಕರಾರುಪತ್ರವನ್ನೂ ಹಾಗೆಯೇ ನೋಡಬೇಕು. ಹೇಳಿದ ಸಂಬಳದಲ್ಲಿ ಮೂಲವೇತನ ಎಷ್ಟು, ಭತ್ಯೆ ಎಷ್ಟು? ಯುಎಇ ಕಾನೂನಿನಂತೆ ಕೆಲಸ ಬಿಡುವಾಗ ಬರುವ ಗ್ರಾಚ್ಯುಟಿ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಮೂಲವೇತನ. ಮೂಲವೇತನ ಕಡಿಮೆ ತೋರಿಸಿದರೆ ಗ್ರಾಚ್ಯುಟಿಯೂ ಕಡಿಮೆಯಾಗುತ್ತದೆ. ಮನೆಯನ್ನು ಶಾಲೆ ಕೊಡುತ್ತದೆಯೋ, ಬಾಡಿಗೆ ನೀವೇ ಕಟ್ಟಬೇಕೋ? ಊರಿಗೆ ಬರುವ ವಿಮಾನದ ಟಿಕೆಟ್ ಯಾರದು? ಬೇಸಿಗೆ ರಜೆಗೆ ಸಂಬಳ ಉಂಟೆ? ನಿಮ್ಮ ಮಕ್ಕಳ ಫೀಯಲ್ಲಿ ರಿಯಾಯಿತಿ ಇದೆಯೆ? ಪ್ರೊಬೇಷನ್ ಎಷ್ಟು ತಿಂಗಳು, ನಡುವೆ ಬಿಟ್ಟರೆ ಏನು ಕಟ್ಟಿಕೊಡಬೇಕು? ಇಷ್ಟನ್ನೂ ಬರೆದು, ಬಾಡಿಗೆ, ಊಟ, ಬಸ್ಸಿನ ಖರ್ಚು ಕಳೆದು, ತಿಂಗಳಿಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿ. ಇಲ್ಲಿನ ಸಂಬಳದ ಜೊತೆ ಹೋಲಿಸಬೇಕಾದದ್ದು ಆ ಉಳಿತಾಯವನ್ನು.

ಏಜೆಂಟರ ವಿಷಯದಲ್ಲಿ ಬಹಳ ಎಚ್ಚರ ಬೇಕು. 1983ರ ವಲಸೆ ಕಾಯ್ದೆಯ ಪ್ರಕಾರ ಪರದೇಶದ ಕೆಲಸಕ್ಕೆ ಜನರನ್ನು ಕಳಿಸುವ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ಅವರ ಹೆಸರು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಸಿಗುತ್ತದೆ. ಆ ಕಾಯ್ದೆಯ ನಿಯಮಗಳಲ್ಲಿ ಅವರ ಸೇವಾಶುಲ್ಕಕ್ಕೆ ಹಾಕಿರುವ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಎರಡು ಲಕ್ಷ, ಮೂರು ಲಕ್ಷ ಕೇಳಿದರೆ ಆ ಬಾಗಿಲಿನಿಂದ ಹಿಂದೆ ಬನ್ನಿ. ಪದವೀಧರರಿಗೆ ವಲಸೆ ಅನುಮತಿ ಬೇಕಿಲ್ಲವಾದ್ದರಿಂದ ನಿಮ್ಮ ಕರಾರನ್ನು ಹೊರಡುವ ಮುಂಚೆ ಸರ್ಕಾರದ ಯಾವ ಅಧಿಕಾರಿಯೂ ಓದಿ ನೋಡುವುದಿಲ್ಲ. ಆ ಕೆಲಸ ನಿಮ್ಮದೇ. ‘ವಿಸಿಟ್ ವೀಸಾದಾಗ ಬರ್ರಿ, ಅಲ್ಲಿ ಬದಲಿ ಮಾಡಸ್ತೀವಿ’ ಎಂದರೆ ಒಪ್ಪಬೇಡಿ. ಅಲ್ಲಿಗೆ ಹೋದ ಮೇಲೂ ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ.

ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪದವಿಪತ್ರವಾಗಲಿ, ಬಿ.ಎಡ್. ಪ್ರಮಾಣಪತ್ರವಾಗಲಿ, ಮೊದಲು ರಾಜ್ಯದ ಮಟ್ಟದಲ್ಲಿ, ಆಮೇಲೆ ವಿದೇಶಾಂಗ ಸಚಿವಾಲಯದಲ್ಲಿ ದೃಢೀಕರಣ ಆಗಬೇಕು. ಒಂದು ದೇಶದ ದಾಖಲೆಯನ್ನು ಇನ್ನೊಂದು ದೇಶ ಒಂದೇ ಮುದ್ರೆಯ ಮೇಲೆ ಒಪ್ಪಿಕೊಳ್ಳುವ ಅಪೊಸ್ಟಿಲ್ ಒಪ್ಪಂದ ಭಾರತದ ಮಟ್ಟಿಗೆ ಜಾರಿಗೆ ಬಂದದ್ದು 2005ರಲ್ಲಿ. ಆ ಒಪ್ಪಂದದಲ್ಲಿರುವ ದೇಶಗಳಿಗೆ ಅಪೊಸ್ಟಿಲ್ ಮುದ್ರೆ ಸಾಕು. ಯುಎಇ, ಕತಾರ್, ಕುವೈತ್‌ನಂಥ ದೇಶಗಳಿಗಾದರೆ ಆಯಾ ರಾಯಭಾರ ಕಚೇರಿಯ ಮೊಹರೂ ಬೇಕು. ನಮ್ಮ ಭಾಗದಲ್ಲಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಆಧಾರ್‌ನಲ್ಲಿ ಅಡ್ಡಹೆಸರು, ಮದುವೆಯಾದ ಅಕ್ಕೋರಿಗೆ ಗಂಡನ ಮನೆಯ ಹೆಸರು ಇರುವುದುಂಟು. ಎಲ್ಲದರಲ್ಲೂ ಹೆಸರು ಒಂದೇ ಆಗುವಂತೆ ಮೊದಲೇ ಸರಿಪಡಿಸಿಕೊಳ್ಳಿ. ಸರ್ಕಾರಿ ಶಾಲೆಯಲ್ಲಿರುವವರು ಇಲಾಖೆಯ ಅನುಮತಿ ಕೈಗೆ ಬರುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.

ಅಲ್ಲಿ ಇಳಿದ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. 2022ರ ಮಾರ್ಚ್ 1ರಂದು ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿ ಉಕ್ರೇನಿನ ಹಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ ನೋವು ಈ ಹಾವೇರಿ ಜಿಲ್ಲೆಗಿದೆ. ಪರದೇಶದಲ್ಲಿ ಕೆಟ್ಟ ಕಾಲ ಬಂದಾಗ, ನಾವು ಎಲ್ಲಿದ್ದೇವೆಂದು ನಮ್ಮ ಸರ್ಕಾರಕ್ಕೆ ಗೊತ್ತಿರಬೇಕು.

ಕೊನೆಗೆ, ಮನೆಯ ಮಾತು. ವಯಸ್ಸಾದ ಅಪ್ಪ ಅವ್ವನನ್ನು ಯಾರು ನೋಡಿಕೊಳ್ಳುತ್ತಾರೆ, ಮಕ್ಕಳು ಜೊತೆಗೆ ಬರುತ್ತಾರೋ ಇಲ್ಲಿಯೇ ಇರುತ್ತಾರೋ ಎಂಬುದನ್ನು ಎಲ್ಲರೂ ಕೂತು ಮಾತಾಡಿ. ಮಕ್ಕಳು ಬಂದರೆ ಅವರ ಕನ್ನಡ ಬಿಟ್ಟುಹೋಗದಂತೆ ನೋಡಿಕೊಳ್ಳುವ ಹೊಣೆಯೂ ನಿಮ್ಮದು. ದುಬೈಯಲ್ಲಿ ಕನ್ನಡಿಗರೇ ಸೇರಿ ಮಕ್ಕಳಿಗಾಗಿ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ. ಅಲ್ಲಿಗೆ ಹೋಗುವವರು ಮಕ್ಕಳನ್ನು ಅದಕ್ಕೆ ಸೇರಿಸಿ, ಬಿಡುವಿದ್ದರೆ ನೀವೂ ಪಾಠ ಹೇಳಿ.

ಹೊರಗೆ ಹೋದವರು ಇಲ್ಲಿಗೆ ಏನು ತರಬಹುದು ಎಂಬುದಕ್ಕೆ ಒಂದು ಉದಾಹರಣೆ. ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಓದಿ ಬಂದರು. ಸಾಂಗ್ಲಿಯಲ್ಲಿ, ಧಾರವಾಡದಲ್ಲಿ ಪ್ರಾಂಶುಪಾಲರಾದರು. ಮುಂದೆ ಹೈದರಾಬಾದಿನಲ್ಲಿ ಇಂಗ್ಲಿಷ್ ಶಿಕ್ಷಕರನ್ನು ತರಬೇತು ಮಾಡುವ ಕೇಂದ್ರ ಸಂಸ್ಥೆಯ ನಿರ್ದೇಶಕರಾದರು. ಹೊರಗೆ ಕಲಿತದ್ದು ಹೀಗೆ ಇಲ್ಲಿನ ತರಗತಿಗಳಿಗೆ ಬಂದು ಸೇರಿತು. ನೀವು ದುಡಿದು ಉಳಿಸಿ, ಸಾಲ ತೀರಿಸಿ, ಮನೆ ಕಟ್ಟಿ, ಅದರಲ್ಲಿ ತಪ್ಪಿಲ್ಲ. ಅದರ ಜೊತೆಗೆ ಪಾಠ ಹೇಳುವ ಹೊಸ ರೀತಿಯನ್ನೂ ಕಲಿತು ಬನ್ನಿ. ಅದು ಹಾವೇರಿ ಜಿಲ್ಲೆಯ ಮಕ್ಕಳಿಗೂ ಸಿಗಬೇಕು.