‘ಕಾರಣ ತಿಳಿದುಬಂದಿಲ್ಲ’ ಎಂದ ಮೇಲೆ



ರಾತ್ರಿ ಉಂಡು ಮಲಗಿದ ಮಗು ಬೆಳಿಗ್ಗೆ ಏಳಲಿಲ್ಲ. ಶವಪರೀಕ್ಷೆಯಲ್ಲಿ ರೋಗವಿಲ್ಲ, ಗಾಯವಿಲ್ಲ, ವಿಷವಿಲ್ಲ. ವರ್ಷದೊಳಗಿನ ಕೂಸಾದರೆ ಇಂಥ ಸಾವಿಗೆ ಸಿಡ್ಸ್ ಎಂಬ ಹೆಸರು 1969ರಿಂದ ಇದೆ; ಅದಕ್ಕಿಂತ ದೊಡ್ಡ ಮಕ್ಕಳದ್ದನ್ನು ಎಸ್‌ಯುಡಿಸಿ ಎನ್ನುತ್ತೇವೆ. ವರದಿಯಲ್ಲಿ ಮಾತ್ರ ‘ಕಾರಣ ತಿಳಿದುಬಂದಿಲ್ಲ’ ಎಂಬ ಒಂದೇ ಸಾಲು. ಅಲ್ಲಿಗೆ ವೈದ್ಯರಾದ ನಮ್ಮ ಕೆಲಸ ಮುಗಿಯಿತೆಂದು ನಾವು ಎದ್ದುಬಿಡುತ್ತೇವೆ. ಮುಗಿದಿಲ್ಲ ಎಂದು ಹೇಳುವುದಕ್ಕೇ ನಾನು ಇಲ್ಲಿ ನಿಂತಿದ್ದೇನೆ.

ವೈದ್ಯರು ಕಾರಣ ಹೇಳದಿದ್ದರೆ ಊರು ಹೇಳುತ್ತದೆ. ಬಾಲಗ್ರಹ, ದೃಷ್ಟಿ, ಹಾಲು ನೆತ್ತಿಗೇರಿತು, ನಿದ್ದೆಗಣ್ಣಲ್ಲಿ ಹೆತ್ತವಳೇ ಮೇಲೆ ಹೊರಳಿರಬೇಕು. ಎಲ್ಲಿಂದ ಶುರುವಾದರೂ ಮಾತು ಕೊನೆಗೆ ಬಂದು ನಿಲ್ಲುವುದು ತಾಯಿಯ ಬಾಗಿಲಲ್ಲಿ.

ಹೀಗೆ ಬೆರಳು ತೋರಿಸುವುದು ಹಳ್ಳಿಯ ಅಜ್ಞಾನ ಎಂದು ಯಾರೂ ತಿಳಿಯಬೇಡಿ. ಆಸ್ಟ್ರೇಲಿಯಾದ ಕ್ಯಾಥ್ಲೀನ್ ಫೋಲ್ಬಿಗ್ ಅವರ ನಾಲ್ಕು ಮಕ್ಕಳು 1989 ಮತ್ತು 1999ರ ನಡುವೆ ಒಂದೊಂದಾಗಿ ತೀರಿಕೊಂಡವು. 2003ರಲ್ಲಿ ನ್ಯಾಯಾಲಯ ತಾಯಿಯೇ ಕೊಂದಳೆಂದು ತೀರ್ಪಿತ್ತಿತು. ದುಃಖದಲ್ಲಿ ಆಕೆ ದಿನಚರಿಯಲ್ಲಿ ಬರೆದುಕೊಂಡಿದ್ದ ಮಾತುಗಳೇ ಆಕೆಗೆ ಮುಳುವಾದವು. ವರ್ಷಗಳ ನಂತರ ವಿಜ್ಞಾನಿ ಕರೋಲಾ ವಿನುಎಸಾ ಮತ್ತು ಸಂಗಡಿಗರು ಜೀನ್ ಪರೀಕ್ಷೆ ನಡೆಸಿದಾಗ, ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಲ್ಲಿ ಸಿಎಎಲ್‌ಎಂ2 ಎಂಬ ಜೀನಿನ ವ್ಯತ್ಯಾಸ ಕಂಡಿತು. ಹೃದಯದ ಬಡಿತವನ್ನು ಹಠಾತ್ತನೆ ಕೆಡಿಸಬಲ್ಲ ದೋಷ ಅದು. 2023ರ ಜೂನ್‌ನಲ್ಲಿ ಕ್ಷಮಾದಾನ ಸಿಕ್ಕಿತು, ಡಿಸೆಂಬರ್‌ನಲ್ಲಿ ತೀರ್ಪೇ ರದ್ದಾಯಿತು. ಅಷ್ಟರಲ್ಲಿ ಆಕೆ ಇಪ್ಪತ್ತು ವರ್ಷ ಸೆರೆಯಲ್ಲಿ ಕಳೆದಿದ್ದರು. ಇಲ್ಲಿ ಒಂದು ಅಂಶವನ್ನು ದಯವಿಟ್ಟು ಗಮನಿಸಿ: ಆ ಮಕ್ಕಳಿಂದ ಎಂದೋ ತೆಗೆದಿಟ್ಟ ಮಾದರಿಗಳು ಉಳಿದಿದ್ದವು. ಅವು ಇಲ್ಲದಿದ್ದರೆ ಮಕ್ಕಳ ಜೀನಿನಲ್ಲಿ ಏನಿತ್ತೆಂದು ಯಾರಿಗೂ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ಉಳಿಯುತ್ತವೆಯೇ? ಠಾಣೆಯಲ್ಲಿ ಯುಡಿಆರ್, ಅಂದರೆ ಅಸಹಜ ಸಾವಿನ ವರದಿ, ದಾಖಲಾಗುತ್ತದೆ, ಪಂಚನಾಮೆ ನಡೆಯುತ್ತದೆ, ಒಳಾಂಗದ ತುಣುಕುಗಳು ವಿಷಪರೀಕ್ಷೆಗೆ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಹೋಗುತ್ತವೆ. ಉಳಿದದ್ದನ್ನು ಫಾರ್ಮಲಿನ್‌ನಲ್ಲಿ ಮುಳುಗಿಸುತ್ತೇವೆ; ಅದು ಡಿಎನ್‌ಎಯನ್ನು ಹಾಳುಮಾಡುತ್ತದೆ. ಸ್ವಲ್ಪ ರಕ್ತವನ್ನು ಇಡಿಟಿಎ ಕೊಳವೆಯಲ್ಲಿ ತಣ್ಣಗಿಡುವುದು, ಗುಲ್ಮದ ಒಂದು ತುಣುಕನ್ನು ಶೈತ್ಯೀಕರಿಸಿ ಇಡುವುದು ದುಬಾರಿಯ ಕೆಲಸವಲ್ಲ. ಮಿದುಳಿನ ಅಧ್ಯಯನಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬ್ರೈನ್ ಬ್ಯಾಂಕೇ ಇದೆ.

ಹುಡುಕಿದರೆ ಸಿಗುತ್ತದೆ ಎನ್ನಲು ಆಧಾರವಿದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಮಲಗಿದಲ್ಲೇ ತೀರಿಕೊಂಡ ಏಳು ಮಕ್ಕಳ ಕೋಣೆಯ ವಿಡಿಯೋಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟಿಸಿದರು. ಆರು ಮಕ್ಕಳಲ್ಲಿ ಒಂದು ನಿಮಿಷಕ್ಕೂ ಕಡಿಮೆ ಹೊತ್ತಿನ, ಫಿಟ್ಸ್‌ನಂಥ ಚಲನೆ ಕಂಡಿತ್ತು. ಆ ಅಧ್ಯಯನ ಸಾಧ್ಯವಾದದ್ದು ಮಕ್ಕಳನ್ನು ಕಳೆದುಕೊಂಡವರು ಆ ವಿಡಿಯೋಗಳನ್ನು ಕೊಟ್ಟಿದ್ದರಿಂದ. ಎಂಥ ಧೈರ್ಯ ಬೇಕು ಅದಕ್ಕೆ! ಇಲ್ಲೇ ಒಂದು ಮಾತು: ಜ್ವರದಲ್ಲಿ ಫಿಟ್ಸ್ ಬಂದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಬೆಳೆಯುತ್ತಾರೆ. ಆ ಮನೆಗಳಲ್ಲಿ ಭಯ ಹುಟ್ಟಿಸಬೇಡಿ.

ಉತ್ತರ ಬೇಕಾಗಿರುವುದು ಸತ್ತ ಮಗುವಿಗಾಗಿ ಮಾತ್ರವಲ್ಲ. ಹೃದಯದ ಬಡಿತ ಕೆಡಿಸುವ ಲಾಂಗ್ ಕ್ಯೂಟಿಯಂಥ ದೋಷ ಪತ್ತೆಯಾದರೆ ಅಣ್ಣತಮ್ಮ, ಅಕ್ಕತಂಗಿಯರ ಇಸಿಜಿ ಮಾಡಿ, ಬೀಟಾ ಬ್ಲಾಕರ್ ಕೊಟ್ಟು ಕಾಪಾಡಬಹುದು. ಹಾಸನದ ಹೃದಯಾಘಾತದ ಸುದ್ದಿಗಳ ನಂತರ 2025ರ ಜುಲೈನಲ್ಲಿ ರಾಜ್ಯ ಸರ್ಕಾರ, ಆಸ್ಪತ್ರೆಯ ಹೊರಗಿನ ಹಠಾತ್ ಸಾವುಗಳನ್ನು ವರದಿ ಮಾಡಬೇಕು, ಶವಪರೀಕ್ಷೆ ನಡೆಯಬೇಕು ಎಂದು ಪ್ರಕಟಿಸಿತು. ಒಳ್ಳೆಯದೇ. ಆದರೆ ‘ನನ್ನ ಕೂಸನ್ನು ಕೊಯ್ಯಬೇಡಿ’ ಎಂದು ಕಾಲು ಹಿಡಿಯುವ ತಾಯಿಗೆ ಆದೇಶದ ಸಂಖ್ಯೆ ಓದಿ ಹೇಳಿದರೆ ಆಗುವುದಿಲ್ಲ. ಪಕ್ಕದಲ್ಲಿ ಕೂತು, ಏಕೆ ಬೇಕು ಎಂದು ಹೇಳಬೇಕು. ಹೊಲಿದು, ಒರೆಸಿ, ಬಟ್ಟೆ ತೊಡಿಸಿ ಮರಳಿ ಅವಳ ತೋಳಿಗೇ ಕೊಡುತ್ತೇವೆಂದು ಮಾತು ಕೊಟ್ಟು, ನಡೆಸಿಕೊಡಬೇಕು.

ಆಮೇಲಿನ ದಿನಗಳು ಇನ್ನೂ ಕಠಿಣ. ನಮ್ಮ ಬಹಳ ಮನೆಗಳಲ್ಲಿ ಹಸುಗೂಸಿಗೆ ದೊಡ್ಡವರಂತೆ ತಿಥಿಯಿಲ್ಲ, ವೈಕುಂಠ ಸಮಾರಾಧನೆಯಿಲ್ಲ. ಹೂತು ಬಂದ ಸಂಜೆಯೇ ‘ಇನ್ನೊಂದಾಗುತ್ತೆ ಬಿಡಮ್ಮ’ ಎನ್ನುತ್ತಾರೆ. ಇತ್ತ ಎದೆಯಲ್ಲಿ ಹಾಲು ಕಟ್ಟಿ ನೋಯುತ್ತಿರುತ್ತದೆ. ಏನು ಮಾಡಬೇಕೆಂದು ಹೇಳುವವರಿಲ್ಲ. ಹೇಳಬೇಕಾದವರು ನಾವು. ಬ್ರಿಟನ್ನಿನಲ್ಲಿ 1971ರಲ್ಲಿ ಹುಟ್ಟಿದ, ಈಗ ಲಲಬೈ ಟ್ರಸ್ಟ್ ಎಂದು ಹೆಸರಾದ ಸಂಸ್ಥೆ ಇಂಥ ಮನೆಗಳಿಗೆ ದೂರವಾಣಿಯಲ್ಲಿ ಕಿವಿಗೊಡುತ್ತದೆ. ಮುಂದಿನ ಕೂಸು ಹುಟ್ಟಿದಾಗ ತಂದೆತಾಯಿಯರ ಹೆದರಿಕೆಗೆ ಆಸರೆಯಾಗುವ ಕಾರ್ಯಕ್ರಮವೂ ಅಲ್ಲಿದೆ. ನಮ್ಮ ದೇಶದ ಆರೋಗ್ಯ ಇಲಾಖೆ 2014ರಲ್ಲೇ ಮಕ್ಕಳ ಮರಣ ಪರಿಶೀಲನೆಗೆ ಮಾರ್ಗಸೂಚಿ ಹೊರಡಿಸಿದೆ. ಆ ಪರಿಶೀಲನೆಯ ಕೊನೆಗೆ, ಸಿಕ್ಕಿದ್ದನ್ನು ಮನೆಯವರಿಗೆ ತಿಳಿಸುವ ಕೆಲಸವನ್ನೂ ನಾವೇ ಸೇರಿಸಿಕೊಳ್ಳೋಣ.

ಇದೇ ಸಭೆಯಲ್ಲಿ ಮಧ್ಯಾಹ್ನ ನಾನು ಮಂಡಿಸುವ ಠರಾವಿನಲ್ಲಿ ಮೂರು ಬೇಡಿಕೆಗಳಿವೆ: ಹಠಾತ್ತಾಗಿ ತೀರಿಕೊಂಡ ಪ್ರತಿ ಮಗುವಿನ ರಕ್ತದ ಮಾದರಿ ಉಳಿಯಬೇಕು, ತಂದೆತಾಯಿ ಮತ್ತು ಒಡಹುಟ್ಟಿದವರ ಹೃದಯ ತಪಾಸಣೆ ಉಚಿತವಾಗಿ ಆಗಬೇಕು, ವರದಿ ಬಂದಾಗ ಅದರಲ್ಲಿ ಏನೂ ಸಿಗದಿದ್ದರೂ, ಒಬ್ಬ ವೈದ್ಯರು ಆ ಕುಟುಂಬವನ್ನು ಕರೆದು, ಕೂರಿಸಿ, ಕನ್ನಡದಲ್ಲಿ ಓದಿ ಹೇಳಬೇಕು. ಆ ವೈದ್ಯರ ಹೆಸರು ಮತ್ತು ಫೋನ್ ನಂಬರು ಮೊದಲ ದಿನವೇ ಮನೆಯವರ ಕೈಯಲ್ಲಿರಬೇಕು.