ಟೈಪ್ ಮಾಡಿ ಅಳಿಸಿದ ಮಾತು

ಪಾಳಿ ಮುಗಿಸಿ ಬೆಳಗಾವಿಯ ಉದ್ಯಮಬಾಗದ ಕಾರ್ಖಾನೆಗಳಿಂದ ನೇರ ಇಲ್ಲಿಗೇ ಬಂದಿರುವ ಅಣ್ಣಂದಿರಿಗೆ, ಖಾನಾಪುರದ ಕಡೆಯಿಂದ ಬಸ್ಸು ಹಿಡಿದು ಬಂದ ತಾಯಂದಿರಿಗೆ, ಚಿತ್ರ ಮಾಡಿ ತಂದ ಮಕ್ಕಳಿಗೆ ಶರಣು.

ಕಂಪ್ಯೂಟರ್, ಮೊಬೈಲ್ ಪರದೆಯೊಳಗೇ ಇಡೀ ಕತೆ ನಡೆಯುವ ಥ್ರಿಲ್ಲರ್‌ಗಳನ್ನು ಈ ಚಿತ್ರಮೇಳಕ್ಕೆ ಆರಿಸಿದ್ದೀರಿ. ಈ ಬಗೆಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅನೀಶ್ ಚಗಂಟಿ ನಿರ್ದೇಶಿಸಿದ 2018ರ ‘ಸರ್ಚಿಂಗ್’. ಕಾಣೆಯಾದ ಮಗಳನ್ನು ಅಪ್ಪ ಅವಳ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಾನೆ. ಆದರೆ ಎದೆ ಹಿಂಡುವುದು ಹುಡುಕಾಟಕ್ಕಿಂತ ಮೊದಲೇ. ಅಮ್ಮ ಆಸ್ಪತ್ರೆಯಿಂದ ಮನೆಗೆ ಬರುವ ದಿನ ಕ್ಯಾಲೆಂಡರಿನಲ್ಲಿ ಗುರುತಾಗಿರುತ್ತದೆ. ಆ ಗುರುತು ಮುಂದಕ್ಕೆ ಹೋಗುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ಸಾವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಪ್ಪ ಮಗಳಿಗೆ ತಾಯಿಯ ಬಗ್ಗೆ ಒಂದು ಮಾತು ಟೈಪ್ ಮಾಡಿ, ಕಳಿಸದೆ ಅಳಿಸುತ್ತಾನೆ. ರಂಗದ ಮೇಲೆ ಸ್ವಗತ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಆ ಅಳಿಸಿದ ಸಾಲು ಮಾಡುತ್ತದೆ.

ನಟರ ಚಿತ್ರೀಕರಣ ಮುಗಿದದ್ದು 13 ದಿನಗಳಲ್ಲಿ. ಸಂಕಲನಕಾರರು ಮಾತ್ರ ಅದಕ್ಕೂ ವಾರಗಟ್ಟಲೆ ಮೊದಲೇ ಕೂತು, ನಿರ್ದೇಶಕನನ್ನೇ ಎಲ್ಲ ಪಾತ್ರಗಳಿಗೆ ನಿಲ್ಲಿಸಿ, ಚಿತ್ರದ ಕರಡನ್ನು ಕಟ್ಟಿದ್ದರು. ಫೌಂಡ್ರಿಯಲ್ಲಿ ದುಡಿಯುವ ನಿಮಗೆ ಇದು ಹೊಸದಲ್ಲ. ಅಚ್ಚು ಸಿದ್ಧವಾಗದೆ ಯಾರು ಲೋಹ ಸುರಿಯುತ್ತಾರೆ?

ದುಡ್ಡಿಲ್ಲ, ಕ್ಯಾಮೆರಾ ಇಲ್ಲ ಎನ್ನುವ ಹುಡುಗರು ಇದೇ ಬಗೆಯ, 2020ರ ಮಲಯಾಳಂ ಚಿತ್ರ ‘ಸಿ ಯೂ ಸೂನ್’ ನೋಡಬೇಕು. ಕೊರೊನಾ ಕಾಲದಲ್ಲಿ ಮಹೇಶ್ ನಾರಾಯಣನ್ ಅದನ್ನು ಐಫೋನಿನಲ್ಲೇ ಚಿತ್ರೀಕರಿಸಿದರು.

ಈಗ ನಮ್ಮೂರಿನ ಮಾತು. 2025ರ ಮಾರ್ಚ್‌ನಲ್ಲಿ ಖಾನಾಪುರ ತಾಲ್ಲೂಕಿನ ವೃದ್ಧ ದಂಪತಿ, ಪೊಲೀಸರೆಂದು ನಂಬಿಸಿ ಫೋನಿನಲ್ಲೇ ‘ಬಂಧಿಸುವ’ ‘ಡಿಜಿಟಲ್ ಅರೆಸ್ಟ್’ ವಂಚಕರ ಕಾಟಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಬಾಗಿಲು ಮುರಿಯದ, ಕತ್ತಿ ತೋರಿಸದ ದರೋಡೆ ಇದು. ಅಂಥದೊಂದು ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಆ ಹಿರಿಯರ ಕೊನೆಯ ಗಳಿಗೆಯನ್ನು ದಯವಿಟ್ಟು ಚಿತ್ರ ಮಾಡಬೇಡಿ. ಅದು ಅವರದು. ಬದಲಿಗೆ ಅಂಥ ಬಲೆಗೆ ಬಿದ್ದ ಒಬ್ಬ ಅಜ್ಜಿಯನ್ನು ಕಲ್ಪಿಸಿಕೊಳ್ಳಿ. ಬೆಂಗಳೂರಿನಲ್ಲಿರುವ ಮೊಮ್ಮಗಳು ಕರೆ ಮಾಡಿದಾಗಲೆಲ್ಲ ಅಜ್ಜಿಯ ನಂಬರು ಬ್ಯುಸಿ. ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಹಬ್ಬದ ಫೋಟೊ ಬಂದಿದೆ, ಅಜ್ಜಿ ನೋಡಿಲ್ಲ. ಬ್ಯಾಂಕಿನ ಸಂದೇಶ ಒಂದರ ಹಿಂದೊಂದು ಬರುತ್ತಿದೆ. ಮೊಮ್ಮಗಳಿಗೆ ಯಾವಾಗ ಅನುಮಾನ ಬರುತ್ತದೆ? ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಯಾವಾಗ ಫೋನ್ ಹಚ್ಚುತ್ತಾಳೆ? ಇಡೀ ಥ್ರಿಲ್ಲರ್ ಈ ಎರಡು ಪ್ರಶ್ನೆಗಳ ನಡುವೆ ಇದೆ.

ಆ ಪರದೆಯಲ್ಲಿ ಬೆಳಗಾವಿಯೂ ಕಾಣಲಿ. ನಮ್ಮ ಮನೆಗಳಲ್ಲಿ ಅಮ್ಮ ಕನ್ನಡದಲ್ಲಿ ದನಿ ಕಳಿಸುತ್ತಾಳೆ, ಮಗ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುತ್ತಾನೆ, ಪಕ್ಕದ ಮನೆಯ ಕಾಕಿ ಮರಾಠಿಯಲ್ಲಿ ಉತ್ತರಿಸುತ್ತಾಳೆ. ಇದನ್ನು ತಿದ್ದಿ ಅಚ್ಚುಕಟ್ಟು ಮಾಡಿದರೆ ಊರೇ ಮಾಯವಾಗುತ್ತದೆ.

ಮೇಳ ಉದ್ಘಾಟನೆಯಾಯಿತೆಂದು ಸಂತೋಷದಿಂದ ಸಾರುತ್ತೇನೆ. ಚಿತ್ರ ಮಾಡಿದ ಮಕ್ಕಳು ಮುಂದಿನ ಸಾಲಿಗೆ ಬನ್ನಿ. ಪ್ರತಿ ಚಿತ್ರ ಮುಗಿದ ಮೇಲೆ ನಿಮ್ಮನ್ನು ಪ್ರಶ್ನೆ ಕೇಳುವವರಿದ್ದೇವೆ.