ಗೋಡೆ ಬಿರಿಯುವ ಬಗೆ

ಹೋದ ಬೇಸಗೆಯಲ್ಲಿ ನಮ್ಮ ಮನೆಗೆ ಒಂದು ಕೋಣೆಯನ್ನು ಸೇರಿಸಿ ಕಟ್ಟಿಸಬೇಕಾಯಿತು. ಗೋಡೆ ಬಾಗಿಲಿನ ಎತ್ತರಕ್ಕೆ ಬಂದಾಗ, ನಾಲ್ಕು ಗೋಡೆಗಳ ಸುತ್ತಲೂ ಕಾಂಕ್ರೀಟಿನ ಒಂದೇ ಪಟ್ಟಿ ಬರಲಿ ಎಂದೆ. ವಯಸ್ಸಾದ ಮೇಸ್ತ್ರಿ ನಕ್ಕು, “ಬಾಗಿಲು ಕಿಟಕಿಗಳ ಮೇಲೆ ಹಾಕಿದರೆ ಸಾಲದೆ, ಮೇಷ್ಟ್ರೆ? ಸುಮ್ಮನೆ ದುಡ್ಡು ದಂಡ” ಎಂದರು. ಆ ದಂಡವನ್ನು ಏಕೆ ತೆರಬೇಕು ಎಂಬುದೇ ನಾನು ಇಂದು ತಮ್ಮಲ್ಲಿ ಅರಿಕೆ ಮಾಡಬೇಕೆಂದಿರುವ ವಿಷಯ.

ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ನಮ್ಮ ನಾಡಿನ ಗಡಿಗೆ ದೂರವೇನಲ್ಲ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಅಲ್ಲಿ ನೆಲ ನಡುಗಿತು. ಭೂಕಂಪದ ಭಯ ತೀರ ಕಡಿಮೆಯೆಂದು ಎಣಿಸಿದ್ದ ಸೀಮೆ ಅದು. ಮಣ್ಣಿನಲ್ಲಿ ಕೂಡಿಸಿದ್ದ ದಪ್ಪ ಕಲ್ಲುಗೋಡೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಮಂದಿ ಮಡಿದರು. ಕೊಂದದ್ದು ನೆಲವಲ್ಲ, ಗೋಡೆ.

ಇಟ್ಟಿಗೆಯ ಗೋಡೆ ಮೇಲಿನಿಂದ ಬರುವ ಭಾರವನ್ನು ಚೆನ್ನಾಗಿ ಹೊರುತ್ತದೆ. ಆದರೆ ಎಳೆತವನ್ನು ತಾಳದು. ಅದರ ಬಲಹೀನ ಸ್ಥಾನ ಇಟ್ಟಿಗೆಗಿಂತ ಹೆಚ್ಚಾಗಿ ಇಟ್ಟಿಗೆಗಳ ನಡುವಣ ಸಂದು. ‘ಸಂಧಿ’ ಎಂಬ ಸಂಸ್ಕೃತ ಶಬ್ದದ ತದ್ಭವವೇ ‘ಸಂದು’. ಕೂಡಿಸುವ ಜಾಗವೇ ಬಿರುಕು ಬಿಡುವ ಜಾಗವೂ ಆಗಿರುವುದು ವಿಚಿತ್ರವಲ್ಲವೆ?

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಬಹುದು. ಹಲಗೆಯ ಮೇಲೆ ಬೆಂಕಿಪೊಟ್ಟಣಗಳನ್ನು ವರಸೆ ವರಸೆಯಾಗಿ ಪೇರಿಸಿ ಒಂದು ಗೋಡೆ ಮಾಡಿ. ಹಲಗೆಯನ್ನು ಗೋಡೆಯ ಉದ್ದಕ್ಕೆ ಅಲುಗಿಸಿದರೆ ಅದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಅಡ್ಡಕ್ಕೆ ಅಲುಗಿಸಿದರೆ ಮಗುಚಿ ಬೀಳುತ್ತದೆ. ನಿಜವಾದ ಮನೆಯಲ್ಲಿಯೂ ಹೀಗೆಯೇ. ಅಡ್ಡಕ್ಕೆ ತೂಗುವ ಗೋಡೆ ಮೂಲೆಯಲ್ಲಿ ನೆಟ್ಟಗೆ ಸೀಳಿ, ನೆರೆಗೋಡೆಯನ್ನು ಬಿಟ್ಟು ಹೊರಕ್ಕೆ ವಾಲುತ್ತದೆ. ಉದ್ದಕ್ಕೆ ತೂಗುವ ಗೋಡೆಯಲ್ಲಿ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆ ಬಿರುಕು ಹೊರಡುತ್ತದೆ. ಗಾರೆ ಸಡಿಲವಾಗಿದ್ದರೆ ಅದು ಸಂದುಗಳನ್ನು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಗಾರೆ ಗಟ್ಟಿಯಾಗಿದ್ದರೆ ಇಟ್ಟಿಗೆಯನ್ನೇ ಸೀಳುತ್ತದೆ. ನೆಲ ಅತ್ತಿತ್ತ ತೂಗುವುದರಿಂದ ಎರಡು ಓರೆ ಬಿರುಕುಗಳು ಕತ್ತರಿಯಂತೆ ಒಂದನ್ನೊಂದು ಹಾಯುತ್ತವೆ. ಈಗ ನಾಲ್ಕು ಗೋಡೆಗಳನ್ನು ಪೇರಿಸಿ, ಮೇಲಿನ ವರಸೆಯ ಸುತ್ತ ಒಂದು ನಾಡಾ ಬಿಗಿದು ಅಲುಗಿಸಿ. ಮನೆ ನಡುಗುತ್ತದೆ, ಆದರೆ ಬೇಗ ಬೀಳದು.

ವಿದ್ವಾಂಸರು ಮಾಡುವುದೂ ಇದನ್ನೇ, ಲೆಕ್ಕವಿಟ್ಟು. ರೂರ್ಕಿಯಲ್ಲಿ ರೈಲ್ವೆ ವ್ಯಾಗನ್ನಿನ ಮೇಲೆ ಮನೆಯ ಮಾದರಿ ಕಟ್ಟಿ, ಭಾರ ಹೇರಿದ ಬೇರೆ ವ್ಯಾಗನ್ನಿನಿಂದ ಡಿಕ್ಕಿ ಹೊಡೆಸಿ ನೋಡಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಇಟ್ಟಿಗೆ ಮನೆಗಳ ಮಾದರಿಗಳನ್ನು ಮೇಜಿನ ಮೇಲೆ ಕಟ್ಟಿ, ಮೇಜಿಗೆ ಪೆಟ್ಟು ಕೊಟ್ಟು ಪರೀಕ್ಷಿಸಿದ್ದಾರೆ. ಇಲ್ಲಿ ಒಂದು ತೊಡಕುಂಟು. ಅಳತೆಯನ್ನು ಎಲ್ಲ ಕಡೆಯೂ ಅರ್ಧ ಮಾಡಿದರೆ ಮನೆಯ ತೂಕ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಗೋಡೆಯ ಅಡಿಯ ವಿಸ್ತಾರ ಮಾತ್ರ ನಾಲ್ಕನೆಯ ಒಂದು ಪಾಲು ಉಳಿಯುತ್ತದೆ. ಆದ್ದರಿಂದ ಮಾದರಿಯ ಮೇಲೆ ಒತ್ತಡ ಕಡಿಮೆ. ಹೆಚ್ಚಿನ ತೂಕ ಹೇರದಿದ್ದರೆ ಅದು ನಿಜವಾದ ಮನೆಯ ಕಥೆ ಹೇಳದು. ಗಣಕಯಂತ್ರದಲ್ಲಿಯೂ ಗೋಡೆ ಕಟ್ಟುವವರುಂಟು. ಒಂದೊಂದು ಇಟ್ಟಿಗೆಯನ್ನೂ ಒಂದೊಂದು ಸಂದನ್ನೂ ಬೇರೆಯಾಗಿ ಎಣಿಸಿ, ಯಾವ ಸಂದು ಮೊದಲು ಬಿಡುವುದೆಂದು ಹುಡುಕುತ್ತಾರೆ. ಇಡೀ ಮನೆಗೆ ಈ ಲೆಕ್ಕ ಬಲು ದೀರ್ಘವಾಗುವುದರಿಂದ, ಗೋಡೆಯನ್ನು ಒಂದೇ ವಸ್ತುವೆಂದು ಭಾವಿಸಿ ಲೆಕ್ಕ ಮಾಡುವ ಕ್ರಮವೂ ಇದೆ.

ಇವೆಲ್ಲದರಿಂದ ತಿಳಿದುಬಂದ ಮುಖ್ಯ ಸಂಗತಿ ಒಂದೇ: ಗೋಡೆಗಳು ಒಂಟಿಯಾಗಿ ನಿಂತರೆ ಬೀಳುತ್ತವೆ, ಪೆಟ್ಟಿಗೆಯಂತೆ ಕೂಡಿ ನಿಂತರೆ ಉಳಿಯುತ್ತವೆ. ಕಂಬಿಯಿಟ್ಟ ಕಾಂಕ್ರೀಟಿನ ಪಟ್ಟಿಯೇ ಅವುಗಳ ಡಾಬು. ಮೂರು ಅಂಗುಲ ದಪ್ಪದ ಪಟ್ಟಿಯೂ ಸಾಕು. ಆದರೆ ಅದು ಎಲ್ಲಿಯೂ ತುಂಡಾಗಬಾರದು. ಮೂಲೆಗಳಲ್ಲಿ ನೆಟ್ಟಗೆ ಕಂಬಿ ಇಳಿಸಿದರೆ ಇನ್ನೂ ಮೇಲು.

ಸಂಜೆ ನಮ್ಮ ಮೇಸ್ತ್ರಿಯ ಮುಂದೆ ಬೆಂಕಿಪೊಟ್ಟಣಗಳನ್ನು ಪೇರಿಸಿ ಅಲುಗಿಸಿ ತೋರಿಸಿದೆ. ಅವರು ತಾವೇ ನಾಡಾ ಬಿಗಿದು ಮತ್ತೊಮ್ಮೆ ಅಲುಗಿಸಿ ನೋಡಿದರು. ಮರುದಿನ ಪಟ್ಟಿ ಸುತ್ತಲೂ ಬಂತು. ಮನೆ ಕಟ್ಟಿಸುವವರು ಬಣ್ಣಕ್ಕೆ, ಬಾಗಿಲ ಕೆತ್ತನೆಗೆ ಹಣ ಎತ್ತಿಡುವ ಮೊದಲು ಈ ಪಟ್ಟಿಗೆ ಎತ್ತಿಡಲಿ. ಗಾರೆ ಬಳಿದ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ. ಮಕ್ಕಳು ಮಲಗುವುದು ಮಾತ್ರ ಅದರ ಕೆಳಗೆ.